ನಿಮಗಿದು ಗೊತ್ತೆ? ಬಾಣದ ಗರಿಗೆ ಯಾವ ಅಂಟು

1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಶವವಾಗಿ ಸಿಕ್ಕ ಪ್ರಾಚೀನ ಮಾನವ ‘ಓಟ್ಸಿ’ಯ ಬತ್ತಳಿಕೆಯಲ್ಲಿ 14 ಬಾಣಗಳಿದ್ದವು. ಪೂರ್ತಿ ತಯಾರಾಗಿದ್ದವು ಎರಡೇ. ಅವುಗಳ ಗರಿಗಳನ್ನು ಬರ್ಚ್ ಮರದ ತೊಗಟೆ ಕಾಯಿಸಿ ಇಳಿಸಿದ ಕಪ್ಪು ಅಂಟಿನಲ್ಲಿ ಕೂರಿಸಿ, ಮೇಲೆ ತೆಳುವಾದ ನಾರಿನ ನೂಲು ಸುತ್ತಲಾಗಿತ್ತು. ಸುಮಾರು 5,300 ವರ್ಷಗಳ ಹಿಂದಿನ ಕೆಲಸವದು! 1545ರಲ್ಲಿ ಮುಳುಗಿದ ಇಂಗ್ಲೆಂಡಿನ ‘ಮೇರಿ ರೋಸ್’ ಹಡಗಿನ ಬಾಣಗಳ ಅಂಟಿನಲ್ಲಿ ತಾಮ್ರದ ಅಂಶ ಪತ್ತೆಯಾಗಿದೆ.

ಈಗ ಮನೆಯಲ್ಲೇ ಗರಿ ಕಟ್ಟುವ ಬಿಲ್ಲುಗಾರರು ಹೆಚ್ಚಾಗಿ ನೆಚ್ಚಿಕೊಂಡಿರುವುದು ಸೂಪರ್ ಗ್ಲೂವನ್ನು. ಗಾಳಿಯ ತೇವಾಂಶ ತಗುಲಿದರೆ ಸಾಕು, ಗಟ್ಟಿಯಾಗುತ್ತದೆ. ತೊಂದರೆಯೂ ಅಲ್ಲೇ: ಸೊಟ್ಟಗೆ ಕೂತ ಗರಿಯನ್ನು ಸರಿಪಡಿಸಲು ಪುರಸೊತ್ತೇ ಕೊಡುವುದಿಲ್ಲ. ಕೈ ಪಳಗದವರಿಗೆ ನಿಧಾನವಾಗಿ ಒಣಗುವ ಅಂಟೇ ವಾಸಿ.

ಗರಿ ಕಿತ್ತು ಬಂದರೆ ಎಲ್ಲರೂ ಬೈಯುವುದು ಅಂಟನ್ನು. ತಪ್ಪು ಬಹುಪಾಲು ಬೆರಳಿನ ಜಿಡ್ಡಿನದು. ಬಾಣದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪೂರ್ತಿ ಆರಿದ ಮೇಲೆ ಆ ಜಾಗವನ್ನು ಮುಟ್ಟದೆ ಅಂಟಿಸಬೇಕು. ಅಂಟಿನ ಗೆರೆ ತೆಳುವಾಗಿರಲಿ. ಜಾಸ್ತಿ ಸುರಿದರೆ ಹಿಡಿತವಲ್ಲ, ಬಾಣದ ಹಿಂಬದಿಯ ತೂಕ ಹೆಚ್ಚುತ್ತದೆ. ಕೊನೆಗೆ ಗರಿಯ ಎರಡೂ ತುದಿಗೆ ಒಂದೊಂದು ಹನಿ ಬಿಡಿ. ಮುಂತುದಿ ಎದ್ದಿದ್ದರೆ, ಕೈಮೇಲಿಟ್ಟು ಹೊಡೆಯುವ ಬಿಲ್ಲಿನಲ್ಲಿ ಅದು ಚರ್ಮವನ್ನೇ ಸೀಳಬಹುದು.

ಅಂದಹಾಗೆ, ಚೆಲ್ಲಿದ ಸೂಪರ್ ಗ್ಲೂ ಒರೆಸಲು ಹತ್ತಿ ಬಳಸಬೇಡಿ. ಹತ್ತಿಗೆ ತಾಗಿದರೆ ಅದು ಚರ್ಮ ಸುಡುವಷ್ಟು ಬಿಸಿಯಾಗಬಲ್ಲದು.