ರೂಮ್ ಮಾಡುವುದು, ಬೇರೆ ಹೋಗುವುದು

ನೆಲಮಂಗಲದ ನಮ್ಮ ಬೀದಿಯಲ್ಲಿ ಎರಡು ಮನೆ ಆಚೆ ಇರುವ ಹುಡುಗಿಗೆ ಡಿಗ್ರಿ ಮುಗಿಯುತ್ತಲೇ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಆರೂವರೆಗೆ ಮನೆ ಬಿಡಬೇಕು. ಬಸ್ಸಿನಲ್ಲಿ ಮಾದಾವರ, ಅಲ್ಲಿಂದ ಮೆಟ್ರೊ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆ, ಅಲ್ಲಿ ಇಳಿದು ಹಳದಿ ಮಾರ್ಗ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಆರು ತಿಂಗಳು ಹೀಗೇ ಓಡಾಡಿ, ಒಂದು ಭಾನುವಾರ ತಿಂಡಿ ಹೊತ್ತಿಗೆ ಬಾಯಿಬಿಟ್ಟಳು: "ಅಪ್ಪ, ಆಫೀಸ್ ಹತ್ತಿರಾನೇ ಒಂದು ರೂಮ್ ಮಾಡ್ಕೋತೀನಿ."

ಅಪ್ಪ ಪೇಪರ್ ಮಡಿಸಿಟ್ಟರು, ಏನೂ ಹೇಳಲಿಲ್ಲ. ಒಲೆಯ ಮುಂದಿದ್ದ ಅಮ್ಮ ದೋಸೆ ಮೊಗಚುವ ಕೈಯಲ್ಲೇ ಹೊರಬಂದರು. "ಈ ಮನೇಲಿ ನಿಂಗೇನು ಕಮ್ಮಿ ಮಾಡಿದೀವೇ?"

ಸಂಜೆ ಅಪ್ಪ ನನ್ನನ್ನು ಕರೆದರು, "ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ ಸಾರ್." ಯಾರಿಗೆ ಹೇಳಬೇಕು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಲ್ಲಿ ಕೂತಾಗ ಹೊಳೆದದ್ದು ಒಂದು ಮಾತಿನ ತೊಡಕು. ನಮ್ಮಲ್ಲಿ ‘ಮಗ ಬೇರೆ ಹೋದ’ ಅಂದರೆ ವಿಳಾಸ ಬದಲಾಯಿತು ಅಂತಲ್ಲ. ಜಗಳ ಆಗಿದೆ, ಹಿರಿಯರು ಕೂತು ಪಂಚಾಯ್ತಿ ಮಾಡಿದ್ದಾರೆ, ಪಾಲಾಗಿದೆ, ಒಲೆ ಎರಡಾಗಿದೆ ಅಂತ. ಮಗಳು ಹೇಳಿದ್ದು ‘ರೂಮ್ ಮಾಡ್ತೀನಿ’. ಅಮ್ಮನಿಗೆ ಕೇಳಿಸಿದ್ದು ‘ಬೇರೆ ಹೋಗ್ತೀನಿ’. ಕಾಲೇಜು ಮುಗಿದ ಮೇಲೆ ಮನೆಯಲ್ಲೇ ಇರಬೇಕೋ ಹೊರಡಬೇಕೋ ಎಂಬ ಚರ್ಚೆಯಲ್ಲಿ ಎರಡೂ ಕಡೆಯವರು ನಂಬಿಕೊಂಡಿರುವ ಎಷ್ಟೋ ಸಂಗತಿಗಳು ಈ ಒಂದು ಗೊಂದಲದ ಮರಿಗಳು. ಒಂದೊಂದಾಗಿ ಬಿಡಿಸಿ ನೋಡೋಣ.

ತಪ್ಪು ಕಲ್ಪನೆ 1: ಮಕ್ಕಳು ಮನೆ ಬಿಡುವುದು ಪಾಶ್ಚಾತ್ಯರ ಚಾಳಿ. ಅಲ್ಲಿ 18 ತುಂಬಿದರೆ ಹೊರಡುತ್ತಾರೆ, ನಮ್ಮಲ್ಲಿ ಹಾಗಿರಲಿಲ್ಲ

ಸತ್ಯ: ಎರಡು ಮಾತೂ ಅರ್ಧಂಬರ್ಧ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದ ವಾರಾನ್ನದ ಹುಡುಗರು ಮನೆ ಬಿಟ್ಟವರೇ. ತುಮಕೂರಿನ ಸಿದ್ಧಗಂಗೆಯಲ್ಲಿ, ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಬೆಳೆದ ಸಾವಿರಾರು ಮಕ್ಕಳೂ ಅಷ್ಟೇ. ಉಡುಪಿ, ಕುಂದಾಪುರ ಕಡೆಯ ಹುಡುಗರು ಮೀಸೆ ಮೂಡುವ ಮೊದಲೇ ಮುಂಬಯಿಗೆ ಹೋಗಿ, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಅಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದರು. ಯಾರೂ ಅವರನ್ನು ‘ಬೇರೆ ಹೋದರು’ ಅನ್ನಲಿಲ್ಲ. ಇನ್ನು ಹೆಣ್ಣುಮಕ್ಕಳನ್ನು ಮನೆಯಿಂದ ಕಳಿಸುವುದು ನಮ್ಮಲ್ಲಿ ಎಂದಿನಿಂದಲೂ ಇದ್ದದ್ದೇ. ಅದಕ್ಕೆ ಓಲಗ ಊದಿಸುತ್ತಿದ್ದೆವು, ಅಷ್ಟೇ.

ಅತ್ತ ಯೂರೋಪಿನಲ್ಲೂ ಎಲ್ಲ ಒಂದೇ ಅಲ್ಲ. ಯೂರೋಪಿಯನ್ ಒಕ್ಕೂಟದ ಅಂಕಿಅಂಶ ಸಂಸ್ಥೆ ಯೂರೊಸ್ಟ್ಯಾಟ್‌ನ 2022ರ ಲೆಕ್ಕದಲ್ಲಿ, ತಂದೆ-ತಾಯಿಯ ಮನೆಯಿಂದ ಹೊರಡುವ ಸರಾಸರಿ ವಯಸ್ಸು 26.4. ಫಿನ್ಲೆಂಡಿನಲ್ಲಿ 21.3, ಕ್ರೊಯೇಷಿಯಾದಲ್ಲಿ 33.4! ಅವರದೂ ಇವರದೂ ಒಂದೇ ಖಂಡ. ಮನೆಯ ಬಾಡಿಗೆ, ಉದ್ಯೋಗ, ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ ನೆರವು, ಜೊತೆಗೆ ಮನೆತನದ ರೂಢಿ, ಎಲ್ಲ ಸೇರಿ ವಯಸ್ಸು ತೀರ್ಮಾನವಾಗುತ್ತದೆ.

ತಪ್ಪು ಕಲ್ಪನೆ 2: ಪ್ಯಾಕೇಜ್ 4.8 ಲಕ್ಷ, ಅಂದರೆ ತಿಂಗಳಿಗೆ 40,000 ಕೈಗೆ ಬರುತ್ತದೆ

ಸತ್ಯ: ಮೊದಲ ಸಂಬಳದ ದಿನ ಮೊಬೈಲಿಗೆ ಬರುವ ಸಂದೇಶ ನೋಡಿ ಪೆಚ್ಚಾಗದವರು ಕಡಿಮೆ. ಸಿಟಿಸಿ ಎಂಬುದು ಕಂಪನಿಗೆ ತಗಲುವ ಖರ್ಚು, ನಿಮ್ಮ ಸಂಬಳವಲ್ಲ. ಒಂದು ಮಾದರಿ ಲೆಕ್ಕ ಹಾಕೋಣ. ತಿಂಗಳಿಗೆ 40,000ದಲ್ಲಿ ಮೂಲ ವೇತನ 20,000 ಅಂದುಕೊಳ್ಳಿ. ಕಂಪನಿ ಕಟ್ಟುವ ಶೇ 12ರ ಪಿಎಫ್ 2,400 ಇದರೊಳಗೇ ಸೇರಿದೆ. ಗ್ರಾಚ್ಯುಟಿಗೆಂದು ತೆಗೆದಿಡುವ ಶೇ 4.81, ಅಂದರೆ 962. ವರ್ಷದ ಕೊನೆಗೆ ಸಾಧನೆ ನೋಡಿ ಕೊಡುವ ಶೇ 10ರ ಭಾಗ 4,000. ಇವಿಷ್ಟೂ ತಿಂಗಳ ಕೈಗೆ ಬರುವುದಿಲ್ಲ. ಮೇಲಿಂದ ನಿಮ್ಮ ಪಾಲಿನ ಪಿಎಫ್ 2,400, ವೃತ್ತಿ ತೆರಿಗೆ 200. ಕೊನೆಗೆ ಕೈಗೆ ಸಿಗುವುದು 30,038. ಪಿಎಫ್ ಹಣ ನಿಮ್ಮದೇ, ಕಳೆದುಹೋಗುವುದಿಲ್ಲ, ನಿಜ. ಆದರೆ ಐದನೇ ತಾರೀಖು ಬಾಗಿಲಿಗೆ ಬರುವ ಓನರ್ ಪಿಎಫ್ ಪಾಸ್‌ಬುಕ್ ನೋಡಿ ತೃಪ್ತಿಪಡುವುದಿಲ್ಲ.

ಹೊರಡುವ ತೀರ್ಮಾನವನ್ನು ಆಫರ್ ಲೆಟರ್ ನೋಡಿ ಮಾಡಬೇಡಿ. ಮೂರು ತಿಂಗಳ ಸಂಬಳ ಬ್ಯಾಂಕಿಗೆ ಬಿದ್ದ ಮೇಲೆ ಮಾಡಿ.

ತಪ್ಪು ಕಲ್ಪನೆ 3: ಬೋರ್ಡಿನಲ್ಲಿ ಬರೆದಷ್ಟೇ ಬಾಡಿಗೆ

ಸತ್ಯ: ‘ಟು ಲೆಟ್’ ಬೋರ್ಡು ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. 15,000ದ ಮನೆಯನ್ನು ಇಬ್ಬರು ಗೆಳತಿಯರು ಹಿಡಿದರು ಅನ್ನಿ. ಬೆಂಗಳೂರಿನ ಹಳೇ ವಾಡಿಕೆ ಹತ್ತು ತಿಂಗಳ ಅಡ್ವಾನ್ಸ್. ಚೌಕಾಸಿ ಮಾಡಿ ಆರು ತಿಂಗಳಿಗೆ ಇಳಿಸಿದರೂ 90,000. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಮೊದಲ ತಿಂಗಳ ಬಾಡಿಗೆ ಸೇರಿದರೆ ಬೀಗದ ಕೈ ಸಿಗುವ ಹೊತ್ತಿಗೆ 1,20,000 ಕೈಬಿಟ್ಟಿರುತ್ತದೆ. ತಲೆಗೆ 60,000. ಹಾಸಿಗೆ, ಬಕೆಟ್ಟು, ಸ್ಟೌ, ಕುಕ್ಕರ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಖಾಲಿ ಮಾಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವುದೂ ವಾಡಿಕೆ. ಹನ್ನೊಂದೇ ತಿಂಗಳು ಇದ್ದು ಬಿಟ್ಟರೆ ಬ್ರೋಕರ್ ಮತ್ತು ಪೇಂಟಿಂಗಿನ 30,000 ಹಂಚಿಕೆಯಾಗಿ, 15,000ದ ಮನೆ ನಿಜಕ್ಕೂ ತಿಂಗಳಿಗೆ 17,700ರ ಮೇಲೆ ಬಿದ್ದಿರುತ್ತದೆ.

"ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಕೇಳೋ ಹಾಗಿಲ್ಲ, ಕಾನೂನು ಬಂದಿದೆ" ಎನ್ನುವವರಿದ್ದಾರೆ. ಅವರು ಹೇಳುತ್ತಿರುವುದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯ ಮಾತು. ಹೆಸರೇ ಹೇಳುವಂತೆ ಅದು ಮಾದರಿ; ರಾಜ್ಯವೊಂದು ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಅಲ್ಲಿ ಜಾರಿ. ಹಾಗೆಯೇ 11 ತಿಂಗಳ ಕರಾರು ಅಂದರೆ ಹನ್ನೆರಡನೇ ತಿಂಗಳು ಗಂಟುಮೂಟೆ ಕಟ್ಟಬೇಕು ಎಂದೇನಿಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. ಆ ಓಡಾಟ, ಖರ್ಚು ತಪ್ಪಿಸಿಕೊಳ್ಳಲು ಹುಟ್ಟಿದ ಲೆಕ್ಕ ಹನ್ನೊಂದು. ಇಬ್ಬರೂ ಒಪ್ಪಿದರೆ ಹೊಸ ಕರಾರು ಬರೆದು ಮುಂದುವರಿಯಬಹುದು. ಒಂದು ಒಳ್ಳೆಯ ಸುದ್ದಿಯೂ ಇದೆ: ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಸ್ವಂತ ಮನೆಯವರಿಗೆ ಮಾತ್ರ ಅಲ್ಲ, ಬಾಡಿಗೆದಾರರಿಗೂ ಸಿಗುತ್ತದೆ.

ತಪ್ಪು ಕಲ್ಪನೆ 4: ಅಪ್ಪ-ಅಮ್ಮನ ಜೊತೆ ಇದ್ದರೆ ಖರ್ಚೇ ಇಲ್ಲ

ಸತ್ಯ: ಖರ್ಚು ಇದೆ, ಬಿಲ್ ಬರುವುದಿಲ್ಲ. ನಮ್ಮ ಬೀದಿಯ ಹುಡುಗಿಯ ದಿನದ ನಾಲ್ಕು ಗಂಟೆಯನ್ನು 22 ಕೆಲಸದ ದಿನಕ್ಕೆ ಗುಣಿಸಿ: ತಿಂಗಳಿಗೆ 88 ಗಂಟೆ. ಎಂಟೆಂಟು ಗಂಟೆಯ ಹನ್ನೊಂದು ದಿನ ಅವಳು ಸಂಬಳವಿಲ್ಲದೆ ರೈಲಿಗೆ ದುಡಿಯುತ್ತಿದ್ದಳು.

ಇನ್ನೊಂದು ಬಿಲ್ ಅಮ್ಮನ ಹೆಸರಿಗೆ ಹೋಗುತ್ತದೆ. ಮಗಳು ಆರೂವರೆಗೆ ಹೊರಡಬೇಕಾದರೆ ಡಬ್ಬಿ ಕಟ್ಟುವ ಅಮ್ಮ ಐದಕ್ಕೆ ಏಳಬೇಕು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೇ ಕೊಡುತ್ತಾರೆ. ಗಂಡಸರು 88 ನಿಮಿಷ. ಮನೆಯೂಟ ಪುಕ್ಕಟೆ ಅನ್ನುವವರು ಈ 289ನ್ನು ಒಮ್ಮೆ ನೆನೆಯಬೇಕು.

ಹಾಗೆಂದು ಮನೆಯಲ್ಲಿರುವುದು ನಷ್ಟ ಅಂತಲ್ಲ. ಕಾಲೇಜಿನ ಸಾಲ ತೀರಿಸಬೇಕಾದವರಿಗೆ, ಆಫೀಸು ಅರ್ಧ ಗಂಟೆಯಲ್ಲಿ ಸಿಗುವವರಿಗೆ ಅದರಷ್ಟು ಒಳ್ಳೆಯ ಏರ್ಪಾಡಿಲ್ಲ. ಆದರೆ ಇರುವವರು ನೆಂಟರ ಹಾಗೆ ಇರಬಾರದು. ಕರೆಂಟು, ಗ್ಯಾಸು, ದಿನಸಿಗೆ ಇಷ್ಟು ಅಂತ ಪ್ರತಿ ತಿಂಗಳು ಕೊಟ್ಟು, ವಾರಕ್ಕೆರಡು ದಿನ ಅಡುಗೆಮನೆಗೆ ಇಳಿದರೆ ಸಂಬಂಧದ ಬಣ್ಣವೇ ಬದಲಾಗುತ್ತದೆ. ತೆರಿಗೆ ಕಟ್ಟುವಷ್ಟು ಸಂಬಳ ಇರುವವರು ಅಪ್ಪನ ಹೆಸರಿನ ಮನೆಗೆ ಅಪ್ಪನಿಗೇ ಬಾಡಿಗೆ ಕೊಟ್ಟು ಎಚ್‌ಆರ್‌ಎ ವಿನಾಯಿತಿಯನ್ನೂ ಪಡೆಯಬಹುದು. ಅದು ಅಕ್ರಮ ಎಂಬ ಭಯ ಸುಳ್ಳು. ಹಣ ನಿಜಕ್ಕೂ ಅವರ ಖಾತೆಗೆ ಹೋಗಬೇಕು, ಅವರು ಅದನ್ನು ಆದಾಯವೆಂದು ತೋರಿಸಬೇಕು, ನೀವು ಹಳೆಯ ತೆರಿಗೆ ಪದ್ಧತಿಯಲ್ಲಿರಬೇಕು. ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ.

ತಪ್ಪು ಕಲ್ಪನೆ 5: ಮನೆ ಬಿಟ್ಟರೆ ಆಸ್ತಿ ಹಕ್ಕು ಹೋಯಿತು, ಮನೆಯಲ್ಲೇ ಇದ್ದರೆ ಮನೆ ನಮ್ಮದು

ಸತ್ಯ: ‘ಬೇರೆ ಹೋಗುವುದು’ ಎಂಬ ಮಾತಿನ ನೆರಳು ದಟ್ಟವಾಗಿ ಬಿದ್ದಿರುವುದು ಇಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಪಿತ್ರಾರ್ಜಿತ ಆಸ್ತಿಯ ಹಕ್ಕು ಹುಟ್ಟಿನಿಂದ ಬರುವಂಥದ್ದು, ವಾಸದಿಂದ ಅಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದರೂ ಅಷ್ಟೇ, ಅಮೆರಿಕದಲ್ಲಿದ್ದರೂ ಅಷ್ಟೇ. ಹೆಣ್ಣುಮಕ್ಕಳನ್ನು ಈ ಹಕ್ಕಿನೊಳಗೆ ತರಲು ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತ್ತು. ಕೇಂದ್ರ 2005ರಲ್ಲಿ ಮಾಡಿತು. ಅದು ಹುಟ್ಟಿನಿಂದಲೇ ಬರುವ ಹಕ್ಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ಆಸ್ತಿಯ ಮಟ್ಟಿಗೆ ಸತ್ತು ಎಷ್ಟೋ ವರ್ಷವಾಯಿತು.

ಅಪ್ಪ-ಅಮ್ಮ ಸ್ವಂತ ದುಡಿಮೆಯಿಂದ ಕಟ್ಟಿದ ಮನೆಯ ಕಥೆ ಬೇರೆ. ಅದು ಅವರದು, ಯಾರಿಗೆ ಬೇಕಾದರೂ ಬರೆದುಕೊಡಬಹುದು. ವಯಸ್ಸಿಗೆ ಬಂದ ಮಗನಿಗೆ, ಮದುವೆಯಾಗಿರಲಿ ಇಲ್ಲದಿರಲಿ, ಅಂಥ ಮನೆಯಲ್ಲಿ ವಾಸಿಸುವ ಕಾನೂನುಬದ್ಧ ಹಕ್ಕಿಲ್ಲ, ಹೆತ್ತವರು ಒಪ್ಪಿದಷ್ಟು ದಿನ ಮಾತ್ರ ಇರಬಹುದು ಎಂದು ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿತು. ಸೋಫಾ ಬಿಟ್ಟು ಏಳದೆ ಹಕ್ಕು ಕಾಯುತ್ತಿರುವ ಗಂಡುಮಕ್ಕಳು ಇದನ್ನು ಗಮನಿಸುವುದು ಒಳಿತು.

ತಪ್ಪು ಕಲ್ಪನೆ 6: ಹೊರಗೆ ಹೋದರೆ ಹೆತ್ತವರ ಹೊಣೆ ಕಳಚಿತು

ಸತ್ಯ: ಕಳಚುವುದಿಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ, ಮಕ್ಕಳು ಒಂದೇ ಸೂರಿನಡಿ ಇದ್ದಾರೋ ಇಲ್ಲವೋ ಎಂದು ಕೇಳುವುದಿಲ್ಲ. ತಮ್ಮ ದುಡಿಮೆಯಿಂದಲೋ ಆಸ್ತಿಯಿಂದಲೋ ಬದುಕು ಸಾಗಿಸಲಾಗದ ತಂದೆ-ತಾಯಿ, ಅವರಿಗೆ 60 ತುಂಬಿರದಿದ್ದರೂ, ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಲು ಈ ಕಾಯ್ದೆಯಲ್ಲಿ ಅವಕಾಶವಿದೆ. ಮಗ ಪಕ್ಕದ ಕೋಣೆಯಲ್ಲೇ ಇದ್ದೂ ಮಾತಾಡಿಸದ ಮನೆಗಳು ನಮ್ಮ ಬೀದಿಯಲ್ಲೇ ಇವೆ. ದಿನಾ ರಾತ್ರಿ ಒಂಬತ್ತಕ್ಕೆ ವಿಡಿಯೊ ಕಾಲ್ ಮಾಡಿ ‘ಮಾತ್ರೆ ತಗೊಂಡ್ಯಾ’ ಎಂದು ಕೇಳುವ ಮಕ್ಕಳೂ ಇದ್ದಾರೆ.

ತಪ್ಪು ಕಲ್ಪನೆ 7: ಮದುವೆಗೆ ಮೊದಲು ಹೆಣ್ಣುಮಗಳು ಒಬ್ಬಳೇ ಇರುವಂತಿಲ್ಲ

ಸತ್ಯ: 18 ತುಂಬಿದವರು ಗಂಡಾಗಲಿ ಹೆಣ್ಣಾಗಲಿ ಎಲ್ಲಿ ಬೇಕಾದರೂ ಇರಬಹುದು, ಕಾನೂನಿನಲ್ಲಿ ವ್ಯತ್ಯಾಸವಿಲ್ಲ. ಅಡ್ಡಿ ಇರುವುದು ಓನರ್ ಬಾಯಲ್ಲಿ: ‘ಫ್ಯಾಮಿಲಿಗೆ ಮಾತ್ರ’. ಅದು ಕಾನೂನಲ್ಲ, ಅವರ ಇಷ್ಟ. ಇನ್ನೊಂದು ಮನೆ ನೋಡಬೇಕು. ಭದ್ರತೆಯ ಅಂಜಿಕೆ ಮಾತ್ರ ನಿಜವಾದದ್ದು, ಅದನ್ನು ಹೀಗಳೆಯಬಾರದು. ಅದಕ್ಕೆ ಉತ್ತರ ಹುಡುಕಬೇಕಾದ್ದು ಜಾಗದ ಆಯ್ಕೆಯಲ್ಲಿ: ರಾತ್ರಿ ಬಸ್ ಸ್ಟಾಪಿನಿಂದ ಮನೆವರೆಗೆ ಬೀದಿದೀಪ ಇದೆಯೇ, ಪಿಜಿಯ ಗೇಟಿನಲ್ಲಿ ಯಾರಿರುತ್ತಾರೆ, ಕೆಳಗಡೆ ಅಂಗಡಿ ತೆರೆದಿರುತ್ತದೆಯೇ. ಹಗಲು ನೋಡಿದ ಜಾಗವನ್ನು ರಾತ್ರಿ ಹತ್ತಕ್ಕೆ ಇನ್ನೊಮ್ಮೆ ಹೋಗಿ ನೋಡಬೇಕು. ದುಡಿಯುವ ಮಹಿಳೆಯರಿಗಾಗಿ ಕೇಂದ್ರ ಸರ್ಕಾರದ ನೆರವಿನಿಂದ ನಡೆಯುವ ‘ಸಖಿ ನಿವಾಸ’ ಹಾಸ್ಟೆಲುಗಳೂ ಇವೆ.

ತಪ್ಪು ಕಲ್ಪನೆ 8: ಹೋದಮೇಲೆ ವಾಪಸ್ ಬಂದರೆ ಸೋತ ಹಾಗೆ

ಸತ್ಯ: 2020ರಲ್ಲಿ ಬೆಂಗಳೂರಿನ ಪಿಜಿಗಳು ಖಾಲಿಯಾಗಿ, ಲ್ಯಾಪ್‌ಟಾಪ್ ಹಿಡಿದ ಮಕ್ಕಳು ಶಿರಸಿ, ಹಾಸನ, ರಾಯಚೂರಿನ ಮನೆಗಳ ಜಗಲಿಯಲ್ಲಿ ನೆಟ್‌ವರ್ಕ್ ಹುಡುಕುತ್ತಾ ಕೂತರು. ಆಮೇಲೆ ಹೊರಟರು. ಅದೇ ವರ್ಷ ಜುಲೈನಲ್ಲಿ ಅಮೆರಿಕದಲ್ಲಿ 18ರಿಂದ 29 ವಯಸ್ಸಿನವರ ಪೈಕಿ ಶೇ 52 ಮಂದಿ ಹೆತ್ತವರ ಜೊತೆಗಿದ್ದರು ಎಂದು ಪ್ಯೂ ಸಂಶೋಧನಾ ಕೇಂದ್ರ ಲೆಕ್ಕಹಾಕಿತು. ಕೆಲಸ ಹೋಗಬಹುದು, ಕಾಯಿಲೆ ಬರಬಹುದು, ರೂಮಿನವಳು ಸರಿಹೋಗದಿರಬಹುದು. ಅದಕ್ಕೇ ಹೊರಡುವಾಗ ಬಾಗಿಲು ಬಡಿದು ಹೊರಡಬಾರದು. ಕಳಿಸುವವರೂ ‘ಹೋದ್ರೆ ಮತ್ತೆ ಈ ಹೊಸ್ತಿಲು ತುಳೀಬೇಡ’ ಎನ್ನಬಾರದು.

ಆ ಸಂಜೆ ನಾನು ಬುದ್ಧಿ ಹೇಳಲಿಲ್ಲ. ಒಂದು ಹಾಳೆ ತರಿಸಿ, ಈ ಲೆಕ್ಕಗಳನ್ನೇ ಅಪ್ಪ-ಮಗಳ ಕೈಯಲ್ಲಿ ಬರೆಸಿದೆ. ಮನೆ ಹಿಡಿಯುವ ದುಡ್ಡು ಸಾಲದು ಎಂದು ಮಗಳಿಗೆ ಗೊತ್ತಾಯಿತು. 88 ಗಂಟೆ ಎಂದು ಅಪ್ಪನಿಗೆ ಗೊತ್ತಾಯಿತು. ಕೊನೆಗೆ ಪಿಜಿ ಎಂದು ತೀರ್ಮಾನವಾಯಿತು. ಅಮ್ಮ ಹಾಳೆಯ ಕಡೆ ನೋಡಲಿಲ್ಲ.

ಈಗ ಹುಡುಗಿ ಸೋಮವಾರ ಬೆಳಿಗ್ಗೆ ಚಟ್ನಿಪುಡಿ ಡಬ್ಬಿ ಹಿಡಿದು ಹೋಗುತ್ತಾಳೆ, ಶುಕ್ರವಾರ ರಾತ್ರಿ ಖಾಲಿ ಡಬ್ಬಿ ತರುತ್ತಾಳೆ. ಮೊನ್ನೆ ಹಾಲಿನ ಬೂತಿನ ಹತ್ತಿರ ಯಾರೋ ಅವಳ ಅಮ್ಮನನ್ನು ಕೇಳಿದರು, "ಮಗಳು ಬೇರೆ ಹೋದ್ಲಂತೆ?"

"ಬೇರೆ ಎಲ್ಲಿ ಹೋದ್ಲು? ರೂಮ್ ಮಾಡಿದಾಳೆ ಅಷ್ಟೇ," ಅಂದರು ಅಮ್ಮ. "ವಾರದ ಬಟ್ಟೆಯೆಲ್ಲಾ ಇನ್ನೂ ಇಲ್ಲಿಗೇ ಬರುತ್ತೆ."