ರಾಕ್ ವುಲ್, ಗ್ಲಾಸ್ ವುಲ್: ತುರಿಕೆಗೆ ಹೆದರಬೇಡಿ, ಎಚ್ಚರ ಮರೆಯಬೇಡಿ

ಸಕ್ಕರೆ ಕಾರ್ಖಾನೆಯ ಬಾಯ್ಲರ್, ಹಬೆಯ ಪೈಪು, ದೊಡ್ಡ ಕಟ್ಟಡಗಳ ಫಾಲ್ಸ್ ಸೀಲಿಂಗ್ ಇಲ್ಲೆಲ್ಲ ಹತ್ತಿಯಂತಹ ಒಂದು ವಸ್ತುವನ್ನು ಹೊದಿಸಿರುತ್ತಾರೆ. ಅದನ್ನು ಮುಟ್ಟಿ ಕೆಲಸ ಮಾಡುವವರಿಗೆ ಮೈ ತುರಿಕೆ, ಕಣ್ಣುರಿ, ಗಂಟಲು ಕೆರೆತ ಬರುವುದುಂಟು. ಆಗ ಮನೆಯವರಿಗೆ, "ಇದರಿಂದ ಕ್ಯಾನ್ಸರ್ ಬರುತ್ತದೆಯೇ?" ಎಂಬ ಭಯ ಹುಟ್ಟುತ್ತದೆ.

ಇದು ಏನು?

ಕಪ್ಪುಕಲ್ಲನ್ನು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ, ಜಾತ್ರೆಯ ಬಾಂಬೆ ಮಿಠಾಯಿಯಂತೆ ವೇಗವಾಗಿ ತಿರುಗಿಸಿ ಎಳೆ ತೆಗೆದರೆ ರಾಕ್ ವುಲ್. ಗಾಜನ್ನು ಕರಗಿಸಿ ಮಾಡಿದರೆ ಗ್ಲಾಸ್ ವುಲ್. ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯು ಶಾಖ ದಾಟದಂತೆ ತಡೆಯುತ್ತದೆ. ಕಂಬಳಿ ನಮ್ಮನ್ನು ಬೆಚ್ಚಗಿಡುವುದೂ ಹೀಗೆಯೇ.

ತುರಿಕೆ ಏಕೆ?

ಮುರಿದ ಎಳೆಗಳು ಚರ್ಮಕ್ಕೆ ಚುಚ್ಚುವುದರಿಂದ. ಇದು ಅಂಟುರೋಗವಲ್ಲ.

ಕ್ಯಾನ್ಸರ್ ಬರುತ್ತದೆಯೇ?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1988ರಲ್ಲಿ ಇವನ್ನು "ಕ್ಯಾನ್ಸರ್ ತರುವ ಸಾಧ್ಯತೆ ಇದೆ" ಎಂಬ ಪಟ್ಟಿಗೆ ಸೇರಿಸಿತ್ತು. 2001ರಲ್ಲಿ ಮತ್ತೆ ಪರಿಶೀಲಿಸಿ, ಹಾಗೆ ಹೇಳಲು ಸಾಕಷ್ಟು ಆಧಾರವಿಲ್ಲವೆಂದು ಆ ಪಟ್ಟಿಯಿಂದ ತೆಗೆಯಿತು.

ಆದರೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೇರೆ ವಸ್ತು. ಅದರ ಎಳೆ ಶ್ವಾಸಕೋಶದಲ್ಲಿ ಕರಗದೆ ಉಳಿದು, 20ರಿಂದ 40 ವರ್ಷಗಳ ನಂತರವೂ ಕ್ಯಾನ್ಸರ್ ತರಬಲ್ಲದು. ಹಳೆಯ ಬಾಯ್ಲರ್, ಪೈಪುಗಳ ಹೊದಿಕೆಯಲ್ಲಿ ಕಲ್ನಾರು ಇರಬಹುದು. ಬರಿಗಣ್ಣಿನಿಂದ ಗುರುತಿಸಲು ಆಗುವುದಿಲ್ಲ. ಆದ್ದರಿಂದ ಹಳೆಯ ಹೊದಿಕೆಯನ್ನು ತಾವಾಗಿ ಒಡೆಯಬೇಡಿ, ಮೇಲಿನವರಿಗೆ ತಿಳಿಸಿರಿ.

ಏನು ಮಾಡಬೇಕು?

* ಕಣ್ಣಿಗೆ ಎಳೆ ಬಿದ್ದರೆ ಉಜ್ಜಬೇಡಿ. 15 ನಿಮಿಷ ಶುದ್ಧ ನೀರಿನಿಂದ ತೊಳೆಯಿರಿ. ನೋವು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿರಿ.
* ಮೈ ಕೆರೆದುಕೊಳ್ಳಬೇಡಿ. ಮೊದಲು ತಣ್ಣೀರು ಸುರಿದು ಎಳೆ ಹೋಗಲಾಡಿಸಿ, ನಂತರ ಸೋಪು ಹಚ್ಚಿರಿ.
* ಕೆಲಸದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಮೈ ತೊಳೆದ ಮೇಲೆಯೇ ಮಕ್ಕಳನ್ನು ಎತ್ತಿಕೊಳ್ಳಿರಿ.
* ಕೆಲಸದ ವೇಳೆ ತುಂಬುತೋಳಿನ ಅಂಗಿ, ಕೈಗವಸು, ಕನ್ನಡಕ, ಧೂಳು ತಡೆಯುವ ಮಾಸ್ಕ್ ಧರಿಸಿರಿ. ಬಾಯಿಗೆ ಕಟ್ಟಿದ ಟವೆಲ್ ಸಾಲದು.

ಬಂಧುಗಳಲ್ಲಿ ವಿನಂತಿ

ಬಹಳ ದಿನದ ಕೆಮ್ಮು, ಏದುಸಿರು ಎಂದು ಬಂದಾಗ ರೋಗಿಯು ಹಿಂದೆ ಮಾಡಿದ ಕೆಲಸವನ್ನೂ ವೈದ್ಯರಿಗೆ ಹೇಳಿರಿ. "ಅದು ಇಪ್ಪತ್ತು ವರ್ಷದ ಹಿಂದಿನ ಮಾತು, ಈಗೇಕೆ?" ಎಂದು ಬಿಡಬೇಡಿ. ಹಿರಿಯರು ಮರೆತಿದ್ದರೆ ಜೊತೆಗೆ ಬಂದ ತಾವು ನೆನಪಿಸಿರಿ. ರೋಗ ಪತ್ತೆಗೆ ಆ ಒಂದು ಮಾತು ಬಹಳ ಮುಖ್ಯ.