ಹತ್ತು ಗೋಲುಗಳ ನಡುವೆ ಅಹ್ಮದ್ ಖಾನ್‌ರ ಒಂದು ಗೋಲು

ಹೊಳಲ್ಕೆರೆಯಲ್ಲಿ ಅಸರ್ ನಮಾಝ್ ಮುಗಿದರೆ ಮದ್ರಸದ ಮಕ್ಕಳು ಚೆಂಡು ಹಿಡಿದು ಬಯಲಿಗೆ ಓಡುತ್ತಾರೆ. ಬೆನ್ನ ಮೇಲೆ ಸಲಾಹ್, ಮಾನೆ ಎಂದು ಬರೆದ ಜೆರ್ಸಿ. ಹೋದ ವಾರ ಒಬ್ಬ ಹುಡುಗ ಮಾತ್ರ ಬದಿಯಲ್ಲಿ ಕೂತಿದ್ದ. "ಯಾಕೋ?" ಅಂದೆ. "ಶೂ ಹರಿದಿದೆ ಉಸ್ತಾದ್, ಬರಿಗಾಲಲ್ಲಿ ಆಡಿದ್ರೆ ನಗ್ತಾರೆ" ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈಜಿಪ್ಟಿನ ಸಲಾಹ್, ಸೆನೆಗಲ್‌ನ ಮಾನೆ ನಮ್ಮ ಮಕ್ಕಳಿಗೆ ಬಾಯಿಪಾಠ. ಹಿರಿಯೂರು ದಾಟಿ ಹೆದ್ದಾರಿಯಲ್ಲಿ ಹೋದರೆ ಸಿಗುವ ಬೆಂಗಳೂರಿನ ಅಹ್ಮದ್ ಖಾನ್ ಯಾರೆಂದು ಕೇಳಿದರೆ ದೊಡ್ಡವರೂ ಮುಖ ನೋಡುತ್ತಾರೆ. ನನಗೂ ತಡವಾಗಿಯೇ ಗೊತ್ತಾದದ್ದು, ಒಪ್ಪಿಕೊಳ್ಳುತ್ತೇನೆ.

1926ರಲ್ಲಿ ಹುಟ್ಟಿದ ಅವರು 'ಬೆಂಗಳೂರು ಮುಸ್ಲಿಮ್ಸ್' ತಂಡದಲ್ಲಿ ಆಡಿ ಬೆಳೆದರು. ಬ್ರಿಟಿಷ್ ಸೈನಿಕರ ತಂಡಗಳೇ ಗೆಲ್ಲುತ್ತಿದ್ದ ಬೊಂಬಾಯಿಯ ರೋವರ್ಸ್ ಕಪ್ಪನ್ನು 1937ರಲ್ಲೂ 1938ರಲ್ಲೂ ಎತ್ತಿಕೊಂಡು ಬಂದ ತಂಡವದು. ಆಗ ಅಹ್ಮದ್ ಇನ್ನೂ ಹುಡುಗ.

1948ರ ಲಂಡನ್ ಒಲಿಂಪಿಕ್ಸ್. ಸ್ವಾತಂತ್ರ್ಯ ಬಂದು ವರ್ಷ ತುಂಬಿರಲಿಲ್ಲ. ಫ್ರಾನ್ಸ್ ಎದುರು ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಇಳಿದರು. ಎರಡು ಪೆನಾಲ್ಟಿ ಸಿಕ್ಕಿಯೂ ಕೈತಪ್ಪಿ, ಕೊನೆಗಳಿಗೆಯಲ್ಲಿ 2-1ರಿಂದ ಸೋತರು. ಆ ಮುಂಪಡೆಯಲ್ಲಿ ಅಹ್ಮದ್ ಇದ್ದರು.

ಮರುವರ್ಷ ಅವರು ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಕೇರಳದ ಸಾಲೆ, ಜೊತೆಗೆ ಅಹ್ಮದ್. ಈ ಐವರನ್ನು ಜನ 'ಪಂಚಪಾಂಡವರು' ಎಂದೇ ಕರೆದರು. 1949, 1950, 1951, ಸತತ ಮೂರು ವರ್ಷ ಐಎಫ್ಎ ಶೀಲ್ಡ್ ಅವರದ್ದೇ. ಚೆಂಡು ಅಹ್ಮದರ ಕಾಲಿಗೆ ಅಂಟಿಕೊಂಡಂತೆ ಹೋಗುತ್ತಿತ್ತಂತೆ. 1951ರಲ್ಲಿ ದಿಲ್ಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1-0ಯಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು.

ಆದರೆ ಹುಡುಗನಿಗೆ ನಾನು ಹೇಳಿದ್ದು ಚಿನ್ನದ ಕತೆಯಲ್ಲ, ಹೆಲ್ಸಿಂಕಿಯದ್ದು. 1952, ಮೈ ಕೊರೆಯುವ ಚಳಿ, ಎದುರಿಗೆ ಯುಗೊಸ್ಲಾವಿಯ. ಹತ್ತು ಗೋಲು ಬಿದ್ದವು. ಆಟ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ನಮ್ಮ ಕಡೆಯಿಂದ ಒಂದು ಗೋಲು. ಹೊಡೆದದ್ದು ಅಹ್ಮದ್ ಖಾನ್. 10-1. ಆ ಸೋಲಿನ ಮೇಲೆಯೇ ಭಾರತದ ಆಟಗಾರರಿಗೆ ಬೂಟು ಕಡ್ಡಾಯವಾಯಿತು.

"ಹತ್ತು ಗೋಲ್ ಬಿದ್ಮೇಲೂ ಯಾಕೆ ಓಡಿದ್ರು ಉಸ್ತಾದ್?" ಎಂದು ಹುಡುಗ ಕೇಳಿದ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಅಹ್ಮದ್ ಖಾನ್ 2017ರ ಆಗಸ್ಟ್ 27ರಂದು, ತೊಂಬತ್ತರ ವಯಸ್ಸಿನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಹುಡುಗ ಮರುದಿನ ಬರಿಗಾಲಲ್ಲೇ ಆಡಿದ. ಯಾರೂ ನಗಲಿಲ್ಲ. ಆದರೆ ನಮ್ಮ ಬಯಲು ಜಾಲಿಮುಳ್ಳಿನದ್ದು, ಸಂಜೆ ಕುಂಟುತ್ತಾ ಬಂದ. ಚಿತ್ರದುರ್ಗ, ಹೊಸದುರ್ಗದ ಕಡೆ ಯಾರ ಮನೆಯಲ್ಲಾದರೂ ಮಕ್ಕಳಿಗೆ ಚಿಕ್ಕದಾದ ಶೂ ಇದ್ದರೆ ಹತ್ತಿರದ ಮದ್ರಸಕ್ಕೆ ತಲುಪಿಸಿ. ಹಾಕಿಕೊಳ್ಳುವ ಕಾಲುಗಳು ಅಲ್ಲೇ ಇರುತ್ತವೆ.